ಉಕ್ಕದ ಹಾಗೆ

ಆ ದಿನ ಬೆಳಿಗ್ಗೆ ದಯಾನಂದನ ಕಣ್ಣೆದುರೇ ಹಾಲು ಉಕ್ಕಿತು. ಒಲೆಯ ಮುಂದೆಯೇ ನಿಂತಿದ್ದ, ಪಾತ್ರೆಯನ್ನೇ ನೋಡುತ್ತಿದ್ದ, ಕೆನೆ ಅಂಚು ಬಿಟ್ಟು ನಡುವೆ ಉಬ್ಬಿ ಬಂದದ್ದೂ ಕಂಡಿತ್ತು. ಕೈ ಮಾತ್ರ ಗ್ಯಾಸಿನ ಕಿವಿಯ ಕಡೆಗೆ ಹೋಗಲಿಲ್ಲ. ಹಾಲು ಬರ್ನರಿನ ಮೇಲೆಲ್ಲ ಸುರಿದು, ಉರಿ ಒಮ್ಮೆ ಕೆಂಪಾಗಿ ಆರಿಹೋಗಿ, ಡೊಂಬಿವಲಿ ಪೂರ್ವದ ಆ ಸಣ್ಣ ಮನೆಯ ತುಂಬ ಸೀದ ವಾಸನೆ ಹರಡಿತು. ಹಾಲ್‌ನಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದ ಹೆಂಡತಿ ಜಯಲತಾ ಎದ್ದು ಬರಲಿಲ್ಲ. "ಉಕ್ಕಿನ ಮನುಷ್ಯರಿಗೆ ಹಾಲು ಕಾಯಿಸ್ಲಿಕ್ಕೆ ಬರುದಿಲ್ವಾ ಹಾಗಾದ್ರೆ" ಎಂದಳಷ್ಟೆ. ಮನೆಯಲ್ಲಿ ಅವರ ಮಾತು ತುಳು. ಅಕ್ಕಿ, ನೀರು, ಮೊಣಕಾಲಿನ ನೋವು, ಮಗಳ ಫೋನು ಎಲ್ಲವೂ ತುಳುವಿನಲ್ಲೇ ನಡೆಯುತ್ತಿತ್ತು. ಚುಚ್ಚುವುದಿದ್ದಾಗ ಮಾತ್ರ ಜಯಲತಾ ಕನ್ನಡಕ್ಕೆ ಬರುತ್ತಿದ್ದಳು, ಸರಕಾರಿ ಕಾಗದಕ್ಕೆ ಮೊಹರು ಒತ್ತುವ ಹಾಗೆ. ಈಚೆಗೆ ಅವಳ ಕನ್ನಡ ಬಹಳ ಸುಧಾರಿಸಿತ್ತು.

ಚುಚ್ಚುವುದಕ್ಕೆ ಕಾರಣವೂ ಇತ್ತು. ಅಂದು ಸಂಜೆ ಘಣಸೋಲಿಯಲ್ಲಿ, ದಯಾನಂದ ತನ್ನ ಆಯುಷ್ಯದ ಗಟ್ಟಿ ಭಾಗವನ್ನೆಲ್ಲ ಸವೆಸಿದ ಉಕ್ಕಿನ ಕಾರ್ಖಾನೆ ಹಿಂದೊಮ್ಮೆ ಇದ್ದ ಜಾಗದಲ್ಲಿ, ಅಗ್ನಿದೇವನ ದೊಡ್ಡದೊಂದು ಪ್ರತಿಮೆಯ ಅನಾವರಣವಿತ್ತು. ಕಲಾವಿದೆಯೊಬ್ಬಳು ಊರವರನ್ನೆಲ್ಲ ಸೇರಿಸಿಕೊಂಡು ಮಾಡಿದ ಪ್ರತಿಮೆ. ಹಾಗೆ ಎಲ್ಲರೂ ಸೇರಿ ಮಾಡಿದ್ದಕ್ಕೆ ಈಗ ಸಹಯೋಗದ ಕಲೆ ಎನ್ನುತ್ತಾರಂತೆ. ಅದರ ಬುಡದ ಫಲಕದಲ್ಲಿ, ಮರಾಠಿ ಮತ್ತು ಇಂಗ್ಲಿಷಿನ ಕೆಳಗೆ, ಕನ್ನಡದಲ್ಲೂ ಒಂದು ಸಾಲಿತ್ತು: 'ದಯಾನಂದ, ಉಕ್ಕು ಕಾಯ್ದವರು'. ಆ ಕಾರ್ಖಾನೆಯಲ್ಲಿ ದಯಾನಂದ ಕಾಯ್ದದ್ದು ಹಾಲು. ಅವನು ಕ್ಯಾಂಟೀನಿನಲ್ಲಿ ಚಾ ಮಾಡುತ್ತಿದ್ದ.

ಸುಳ್ಳನ್ನಂತೂ ಅವನು ಹೇಳಿರಲಿಲ್ಲ. ಫಜೀತಿ ಆದದ್ದೇ ಅಲ್ಲಿ. ಸುಳ್ಳು ಹೇಳಿದವನಿಗೆ ಅದನ್ನು ವಾಪಸು ತೆಗೆದುಕೊಳ್ಳುವ ದಾರಿಯಾದರೂ ಇರುತ್ತದೆ. ಕನ್ನಡ ಸಂಘದ ಸತ್ಯನಾರಾಯಣ ಪೂಜೆಯ ಊಟದ ಹೊತ್ತಿಗೆ ಆ ಕಲಾವಿದೆ ಹುಡುಗಿ ಬಂದಿದ್ದಳು. ಹೆಸರು ಪೂಜಿತಾ, ಬೆಂಗಳೂರಿನವಳು, ಐರೋಲಿಯಲ್ಲಿ ಬಾಡಿಗೆಗಿದ್ದಳು. ಮೂಗಿಗೆ ಹಳ್ಳಿಯವರ ನತ್ತು, ಕಾಲಿಗೆ ಗಂಡಸರ ಬೂಟು. ಸ್ಟೀಲ್ ಕಂಪನಿಯಲ್ಲಿದ್ದ ಹಿರಿಯರು ಯಾರಿದ್ದಾರೆಂದು ಅವಳು ಕೇಳಿದಾಗ ಹತ್ತು ಬೆರಳು ದಯಾನಂದನ ಕಡೆಗೇ ತಿರುಗಿದವು. ಮಗಳ ಮದುವೆಯ ಮಾತುಕತೆಯಲ್ಲಿ 'ತಂದೆ ಸ್ಟೀಲ್ ಕಂಪನಿಯಲ್ಲಿ' ಎಂದೇ ಹೇಳಿದ್ದರಿಂದ ಸಂಘದಲ್ಲಿ ಅವನು ಅದೇ ಆಗಿ ಉಳಿದಿದ್ದ. "ಕಂಪನೀಲಿ ಯಾವ ಸೆಕ್ಷನ್ನು ಅಂಕಲ್?" ಎಂದು ಅವಳು ಕೇಳಿದಳು. "ಭಟ್ಟಿಯಲ್ಲಿ" ಎಂದ. ಮುಂಬಯಿಯ ಯಾವ ಉಡುಪಿ ಹೋಟೆಲಿನವನನ್ನು ಕೇಳಿದರೂ ಅಡುಗೆಯ ದೊಡ್ಡ ಒಲೆಗೆ ಭಟ್ಟಿ ಎಂದೇ ಹೇಳುತ್ತಾನೆ. ಅವಳು ಪಾಪ ಬೆಂಗಳೂರಿನವಳು, ಭಟ್ಟಿ ಎಂದರೆ ಕಬ್ಬಿಣ ಕರಗಿಸುವುದು ಒಂದೇ ಎಂದುಕೊಂಡಿದ್ದಳು. ಅವಳ ಕಣ್ಣು ದೊಡ್ಡದಾಯಿತು. "ಉಕ್ಕಿನ ಬಗ್ಗೆ ಹೇಳಿ ಅಂಕಲ್." ಚಾ ಮಾಡುವವನಿಗೆ ಉಕ್ಕು ಎಂದರೆ ಒಂದೇ ಅರ್ಥ. "ಉಕ್ಕಿನ ಬಗ್ಗೆ ಎಂತ ಹೇಳುದು? ಎದುರು ನಿಂತೇ ಇರ್ಬೇಕು. ಕಣ್ಣು ಒಂದು ಚೂರು ಆಚೀಚೆ ಹೋದ್ರೆ ಮುಗೀತು, ಎಲ್ಲ ಹಾಳು" ಎಂದ. ಪೂಜಿತಾ ಕಣ್ಣು ಮುಚ್ಚಿಕೊಂಡಳು. ಉಕ್ಕು ಎಂಬುದು ನಮ್ಮ ಪದ, ಹಡಗು ಹತ್ತಿ ಫಾರಿನ್ನಿಗೆ ಹೋಗಿ ಅವರ ಬಾಯಲ್ಲಿ ವೂಟ್ಸ್ ಆಯಿತು, ಆ ಪದವನ್ನು ಇವತ್ತು ಒಬ್ಬ ಭಟ್ಟಿಯವರ ಬಾಯಿಂದಲೇ ಕೇಳಿದೆ ಎಂದಳು. ಆಗಲೇ ದಯಾನಂದನಿಗೆ ಎಲ್ಲೋ ಎಡವಟ್ಟಾಯಿತು ಎಂದು ಹೊಳೆದದ್ದು. ಹೊಳೆದರೂ ಎಲೆಯಲ್ಲಿ ಪಾಯಸ ಬಿದ್ದಿತ್ತು, ಉಣ್ಣುತ್ತ ಕೂತ. ತನ್ನನ್ನು ಯಾರಾದರೂ ಹಾಗೆ ನೋಡಿ ಬಹಳ ಕಾಲವಾಗಿತ್ತು. ಸತ್ಯ ಹೇಳಬೇಕೆಂದರೆ, ಹಾಗೆ ಯಾರೂ ಎಂದೂ ನೋಡಿರಲಿಲ್ಲ.

ಆಮೇಲೆ ಸೌಟಿನ ಸರದಿ. ನೆನಪಿನ ವಸ್ತು ಏನಾದರೂ ಇದ್ದರೆ ಕೊಡಿ ಎಂದು ಅವಳು ಮನೆಗೇ ಬಂದಳು. ಕಂಪನಿ ಮುಚ್ಚಿದ ದಿನ ಎಲ್ಲರೂ ಕೈಗೆ ಸಿಕ್ಕಿದ್ದು ಎತ್ತಿಕೊಂಡು ಹೊರಟಾಗ ದಯಾನಂದ ತಂದದ್ದು ಚಾ ಹಂಡೆಯ ಉದ್ದ ಹಿಡಿಯ ಸೌಟು, ಮೊಣಕೈಗಿಂತ ಉದ್ದದ್ದು, ಅಡಿ ಕಪ್ಪಾದದ್ದು. ಅದನ್ನು ಮಂಚದ ಅಡಿಯಿಂದ ತೆಗೆದು ಕೊಟ್ಟ. ಪೂಜಿತಾ ಎರಡೂ ಕೈಯಲ್ಲಿ ತೀರ್ಥದ ಹಾಗೆ ತೆಗೆದುಕೊಂಡಳು. ಹಳೆಯ ಫೋಟೋಗಳಲ್ಲಿ ಭಟ್ಟಿಯಿಂದ ಕರಗಿದ ಉಕ್ಕನ್ನು ಪರೀಕ್ಷೆಗೆ ತೆಗೆಯುವ ಚಮಚ ಹೀಗೇ ಇತ್ತಂತೆ. "ಇದರಲ್ಲೇ ತೆಗೆದು ನೋಡ್ತಿದ್ರಾ?" "ಇದ್ರಲ್ಲೇ." "ಬಣ್ಣ ನೋಡಿದ್ರೆ ಗೊತ್ತಾಗ್ತಿತ್ತಾ, ಆಗಿದೆ ಅಂತ?" "ಬಣ್ಣ ನೋಡಿಯೇ ಹೇಳ್ಬೇಕಲ್ಲ, ಬೇರೆ ಎಂತ ಉಂಟು?" ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಯಲತಾಳ ಬಾಯಿಗೆ ಸೆರಗು ಹೋಯಿತು. ಅಷ್ಟರಲ್ಲಿ ಹುಡುಗಿ ಅವನ ಮಣಿಕಟ್ಟಿನ ಸುಟ್ಟ ಕಲೆಯ ಫೋಟೋ ಹೊಡೆದುಕೊಳ್ಳುತ್ತ, ನಿಮ್ಮ ಮೈ ಎಲ್ಲ ನೆನಪಿಟ್ಟುಕೊಂಡಿದೆ ಅಂಕಲ್ ಎಂದಳು. ಮೈ ನೆನಪಿಟ್ಟುಕೊಂಡದ್ದು ಎಮ್ಮೆಯ ಹಾಲನ್ನು. ಆದರೆ ಮೈಯನ್ನು ಯಾರೂ ಕೇಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ದಯಾನಂದ ಹೇಗೋ ನುಂಗಿಕೊಳ್ಳುತ್ತಿದ್ದ. ನಡುವೆ ಮೊಮ್ಮಗಳು ಬಂದಳು. ಠಾಣೆಯ ವರ್ತಕ ನಗರದಲ್ಲಿರುವ ಮಗಳ ಮಗಳು ಅನುಷ್ಕಾ, ಕಾಲೇಜಿಗೆ ಹೋಗುತ್ತಿದ್ದಳು. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಅವಳು ಈವರೆಗೆ ಅಜ್ಜನ ಜೊತೆ ಆಡಿದ ಮಾತೆಂದರೆ ಚಾರ್ಜರ್ ಎಲ್ಲಿದೆ ಎಂಬುದೊಂದೇ. ಪೂಜಿತಾ ತೆಗೆದ ಫೋಟೋ ಅವಳ ಫೋನಿಗೂ ಬಂತು, ಅಜ್ಜನ ಕೈ, ಕೈಯಲ್ಲಿ ಸೌಟು, ಕೆಳಗೆ ಬೆಂಕಿಯ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು. ಅಂದಿನಿಂದ ಮೊಮ್ಮಗಳು ದಿನಾ ಫೋನು ಮಾಡುತ್ತಿದ್ದಳು. "ಅಜ್ಜ, ಡರ್ ನಹೀಂ ಲಗತಾ ಥಾ?" ಎಂದು ಕೇಳುತ್ತಿದ್ದಳು. ಲಗತಾ ಥಾ ಎನ್ನುತ್ತಿದ್ದ. ಶಿಫ್ಟಿನ ಗಂಟೆ ಹೊಡೆದ ಮೇಲೂ ಚಾ ಆಗದಿದ್ದರೆ ನಿಜವಾಗಿಯೂ ಹೆದರಿಕೆ ಆಗುತ್ತಿತ್ತು. ಆ ಫೋನು ನಿಂತುಹೋದರೆ ತಾನು ಮತ್ತೆ ಚಾರ್ಜರ್ ಇಟ್ಟ ಜಾಗ ಹೇಳುವ ಮುದುಕನಾಗುತ್ತೇನೆ ಎಂಬುದು ದಯಾನಂದನಿಗೆ ಚೆನ್ನಾಗಿ ತಿಳಿದಿತ್ತು. ಹಾಗಾಗಬಾರದು ಎಂಬುದರಲ್ಲೇ ಅವನ ಇಡೀ ಜೀವ ಕೂತಿತ್ತು.

ನಿನ್ನೆ ಸಂಜೆ ಪೂಜಿತಾ ಫೋನಿನಲ್ಲಿ ನಗುತ್ತ, "ಅಂಕಲ್, ಒಂದು ಸರ್ಪ್ರೈಸು. ನಿಮ್ಮ ಜೊತೆ ಭಟ್ಟಿಲಿದ್ದ ಶಿವರಾಯ ಅಂತ, ಕಲ್ಯಾಣದಲ್ಲಿದ್ದಾರೆ, ನಾಳೆ ಅವರೂ ಬರ್ತಿದ್ದಾರೆ" ಎಂದಳು. ಇವನಿಗಿಂತ ಮೊದಲು ಅವನನ್ನೇ ಹಿಡಿದಿದ್ದಳಂತೆ. "ಏನ್ ಕೇಳಿದ್ರೂ ಬಿಸಿ ಇರ್ತಿತ್ತು ಅಂತಾರೆ ಅಂಕಲ್, ಅಷ್ಟೇ. ಕರಗಿದ ಉಕ್ಕು ಹೇಗಿರುತ್ತೆ ಅಂದ್ರೆ ಬಿಸಿ ಇರ್ತಿತ್ತು, ಏನನ್ನಿಸ್ತಿತ್ತು ಅಂದ್ರೂ ಬಿಸಿ ಇರ್ತಿತ್ತು. ಅವರ ಹತ್ರ ನರೇಟಿವೇ ಇಲ್ಲ." ನರೇಟಿವು ಇಲ್ಲದವನನ್ನು ಬಿಟ್ಟು ಇದ್ದವನ ಹೆಸರು ಹಾಕಿಸಿದ್ದಳು. ಬೆಳಿಗ್ಗೆ ಹಾಲು ಉಕ್ಕಿದ್ದು ಅದಕ್ಕೇ.

"ನಾನು ಬರುದಿಲ್ಲ. ಅಲ್ಲಿ ನನಗೆ ನಗೆ ಬಂದ್ರೆ ಕಷ್ಟ" ಎಂದು ಜಯಲತಾ ಕನ್ನಡದಲ್ಲೇ ಹೇಳಿ ಬಾಗಿಲು ಹಾಕಿಕೊಂಡಳು. ಮಧ್ಯಾಹ್ನದ ಲೋಕಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಅದೂ ಅಪಶಕುನವೆಂದೇ ಕಂಡಿತು. ಶಿವರಾಯ ಈಗ ಹೇಗಿರಬಹುದು. ಕಲಬುರ್ಗಿ ಕಡೆಯವನು, ಎತ್ತರದ ಆಳು, ಹುಬ್ಬಿನ ಕೂದಲು ಸುಟ್ಟು ಸುಟ್ಟು ಮುಖ ಯಾವಾಗಲೂ ಆಶ್ಚರ್ಯಪಟ್ಟ ಹಾಗೆ ಕಾಣುತ್ತಿತ್ತು. ಭಟ್ಟಿಯವರು ಕ್ಯಾಂಟೀನಿಗೆ ಬರುವ ಹಾಗಿರಲಿಲ್ಲ, ಕೆಟಲಿ ಹೊತ್ತು ದಯಾನಂದನೇ ಶೆಡ್ಡಿಗೆ ಹೋಗಬೇಕು. ಶಿವರಾಯ ಗ್ಲಾಸನ್ನು ಬಾಯಿಗಿಟ್ಟು, ನಾಲಿಗೆ ಸುಟ್ಟುಕೊಂಡು, ಕಣ್ಣಲ್ಲಿ ನೀರು ಬರಿಸಿಕೊಂಡು, ತಣ್ಣಗಾಗ್ಯದಲ್ರೀ ಭಟ್ರೇ ಎನ್ನುತ್ತಿದ್ದ. ಚಾ ಭಟ್ಟಿಯವನು ಎಂದು ತಮಾಷೆಗೆ ಭಟ್ಟರೇ; ದಯಾನಂದ ಬಿಲ್ಲವರವನು, ಹಾಗೆ ಕರೆಯಬೇಡಿ ಎಂದರೆ ಇನ್ನಷ್ಟು ಕರೆಯುತ್ತಿದ್ದ. ಚಾ ತಣ್ಣಗೆ ಎಂದ ಕೂಡಲೇ ದಯಾನಂದ ದಿನಾ ಆ ಗಾಳಕ್ಕೆ ಬೀಳುತ್ತಿದ್ದ, ದಿನಾ ಸಿಟ್ಟಾಗುತ್ತಿದ್ದ, ಕೆಟಲಿ ಮುಟ್ಟಿ ನೋಡಿ ಎಂದು ಜಗಳಕ್ಕೆ ನಿಲ್ಲುತ್ತಿದ್ದ, ಶೆಡ್ಡೆಲ್ಲ ನಗುತ್ತಿತ್ತು. ಹೊರಗೆ ದಿವಾ ಸ್ಟೇಶನ್ನು ಹೋಯಿತು, ಸಮುದ್ರದ ಹಿನ್ನೀರು ಖಾಡಿಯ ಕಪ್ಪು ನೀರು ಹೋಯಿತು. ಅವನ ಹೆಸರು ಇರಬೇಕಾದ ಜಾಗದಲ್ಲಿ ನನ್ನ ಹೆಸರು ಕೂತಿದೆ, ಅವನು ಬಂದು ಓದುತ್ತಾನೆ. ಅವನಿಗೆ ಕನ್ನಡ ಓದಲು ಬರುತ್ತದೆಯೋ ಇಲ್ಲವೋ. ಬಾರದಿದ್ದರೆ ಒಳ್ಳೆಯದಿತ್ತು ಎಂದುಕೊಂಡ, ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು.

ಠಾಣೆಯಲ್ಲಿ ಪನವೇಲಿನ ಗಾಡಿ ಹೊರಡುವ ಪ್ಲಾಟ್‌ಫಾರ್ಮಿನ ಮೇಲೆ ಅನುಷ್ಕಾ ಕಾದಿದ್ದಳು, ಅಜ್ಜನಿಗಾಗಿ ಸೀರೆಯ ಜರಿಯಂಥ ಅಂಚಿನ ಶಾಲು ತಂದಿದ್ದಳು. "ಅಜ್ಜ, ಮೇರೆ ಸಾರೇ ಫ್ರೆಂಡ್ಸ್ ಲೈವ್ ದೇಖ್ ರಹೇ ಹೈಂ" ಎಂದಳು, ಸ್ನೇಹಿತರೆಲ್ಲ ಫೋನಿನಲ್ಲೇ ನೋಡಲಿದ್ದರಂತೆ. ಶಾಲು ಸೆಕೆಗೆ ಕುತ್ತಿಗೆಯನ್ನು ಕೊರೆಯುತ್ತಿತ್ತು. ಐರೋಲಿ, ರಬಾಲೆ, ಆಮೇಲೆ ಘಣಸೋಲಿ. ರಿಕ್ಷಾದವನಿಗೆ ಕಂಪನಿಯ ಹೆಸರು ಹೇಳಿದರೆ ಗೊತ್ತಾಗಲಿಲ್ಲ, ಅಲ್ಲೀಗ ಎದ್ದಿದ್ದ ವಸತಿ ಟವರುಗಳ ಹೆಸರು ಹೇಳಿದ ಮೇಲೆ ಗೊತ್ತಾಯಿತು.

ಉಕ್ಕು ಕರಗಿಸುತ್ತಿದ್ದ ಶೆಡ್ಡಿನ ಜಾಗದಲ್ಲಿ ಈಗ ಈಜುಕೊಳವಿತ್ತು. ಕ್ಯಾಂಟೀನು ಎಲ್ಲಿತ್ತೆಂದು ದಯಾನಂದ ಕಣ್ಣಿನಲ್ಲೇ ಅಳತೆ ಹಾಕಿ ನೋಡಿದ. ಅಲ್ಲಿ ನಾಯಿಗಳಿಗೆಂದು ಬೇಲಿ ಹಾಕಿದ ಹುಲ್ಲುಹಾಸಿತ್ತು, ಒಂದು ದಪ್ಪ ನಾಯಿ ಸರಿಯಾಗಿ ಹಂಡೆಯಿದ್ದ ಕಡೆಗೇ ಕಾಲೆತ್ತಿತು. ನಡುವೆ ಅಗ್ನಿದೇವ ನಿಂತಿದ್ದ, ಟಗರಿನ ಮೇಲೆ, ಎರಡು ತಲೆ, ಏಳು ನಾಲಿಗೆ. ಮೈಗೆಲ್ಲ ನಿವಾಸಿಗಳು ದಾನ ಕೊಟ್ಟ ಸ್ಟೀಲ್ ಪಾತ್ರೆ ಬೆಸೆದಿದ್ದರು. ದಾನ ಎಂದರೆ ಯಾರು ತಾನೇ ಒಳ್ಳೆಯದನ್ನು ಕೊಡುತ್ತಾರೆ. ಮದುವೆಯಲ್ಲಿ ಬಂದು ಅಟ್ಟ ಸೇರಿದ್ದ ತಟ್ಟೆ ಲೋಟಗಳೆಲ್ಲ ದೇವರ ಪಾಲಾಗಿದ್ದವು. ಪಾತ್ರೆಗೆ ಹೆಸರು ಕೊರೆಸುವ ಕಾಲದವು, ಆದ್ದರಿಂದ ಅಗ್ನಿಯ ಹೊಟ್ಟೆಯ ಮೇಲೆ ಯಾರದೋ ಗೃಹಪ್ರವೇಶವೂ ತೊಡೆಯ ಮೇಲೆ ಯಾರದೋ ಸೀಮಂತವೂ ಓದಲು ಸಿಗುತ್ತಿತ್ತು. ಆರು ನಾಲಿಗೆಗಳನ್ನು ತಗಡಿನಲ್ಲಿ ಕತ್ತರಿಸಿದ್ದರು. ನಡುವಿನದು, ಎಲ್ಲಕ್ಕಿಂತ ಉದ್ದದ್ದು, ಚಾದ ಸೌಟು. ಉಜ್ಜಿ ಉಜ್ಜಿ ಅದರ ಕಪ್ಪನ್ನೆಲ್ಲ ತೆಗೆದುಬಿಟ್ಟಿದ್ದರು, ಅದಕ್ಕೆ ಮಾತ್ರ ದಯಾನಂದನಿಗೆ ನಿಜವಾಗಿ ಹೊಟ್ಟೆ ಉರಿಯಿತು. ಎರಡು ತಲೆಯ ದೇವರಿಗಾದರೂ ತನ್ನ ಅವಸ್ಥೆ ಅರ್ಥವಾದೀತೆಂದು ಮೇಲೆ ನೋಡಿದ. ಎರಡು ತಲೆಗಳೂ ಬೇರೆ ಬೇರೆ ಟವರಿನ ಕಡೆಗೆ ನೋಡುತ್ತಿದ್ದವು.

ಪೂಜಿತಾ ಮೈಕಿನಲ್ಲಿ ಅಗ್ನಿಯ ಕಥೆ ಹೇಳಿದಳು. ಅವನು ಹವ್ಯವಾಹನ, ಮನುಷ್ಯರು ಕೊಟ್ಟದ್ದನ್ನು ದೇವತೆಗಳಿಗೆ ಹೊತ್ತು ಒಯ್ಯುವವನು. ಒಮ್ಮೆ ಬೇಸತ್ತು ಓಡಿಹೋಗಿ ನೀರಿನಲ್ಲಿ ಅಡಗಿದ, ಮೀನು ಚಾಡಿ ಹೇಳಿತು, ದೇವತೆಗಳು ಹೋಗಿ ಅವನನ್ನು ಒಲಿಸಿ ಕರೆತಂದರು. ಕೇಳುತ್ತ ಕೇಳುತ್ತ ದಯಾನಂದನಿಗೆ ಇದು ಗುರುತಿನ ಮನುಷ್ಯ ಎನ್ನಿಸತೊಡಗಿತು. ಊಟದ ರಶ್ಶಿನ ಹೊತ್ತಿಗೆ ಓಡಿಹೋದ ಸಪ್ಲೈಯರ್, ಅಷ್ಟೇ ತಾನೆ. ಅಂಥವರನ್ನು ಅವನು ಬೇಕಾದಷ್ಟು ಕಂಡಿದ್ದ. ಅವರನ್ನು ಒಲಿಸಿ ಕರೆತರಲು ಯಾವ ದೇವತೆಯೂ ಬರಲಿಲ್ಲ, ಮರುದಿನ ಊರಿನಿಂದ ಇನ್ನೊಬ್ಬ ಬರುತ್ತಿದ್ದ. ಅದೇ ಅಗ್ನಿ ತುಪ್ಪ ಕುಡಿದು ಕುಡಿದು ಅಜೀರ್ಣವಾಗಿ, ಪರಿಹಾರಕ್ಕೆಂದು ಒಂದು ಕಾಡನ್ನೇ ನುಂಗಿದನೆಂದೂ ಅವಳು ಹೇಳಿದಳು. ಮುಂದಿನ ಸಾಲಿನಲ್ಲಿ ಕೂತ ಬಿಲ್ಡರ್ ಭಕ್ತಿಯಿಂದ ತಲೆದೂಗಿದ. ಪೇಪರ್ ಕಪ್ಪಿನಲ್ಲಿ ಮೆಷಿನ್ನಿನ ಚಾ ಬಂತು. ಬಣ್ಣ ನೋಡಿಯೇ ದಯಾನಂದ ಕುರ್ಚಿಯ ಕೆಳಗಿಟ್ಟ.

ಆಗಲೇ ಪಕ್ಕದ ಕುರ್ಚಿಗೆ ಶಿವರಾಯ ಬಂದು ಕೂತದ್ದು. ಬಗ್ಗಿದ್ದ, ಆದರೂ ಕೂತರೆ ಕಂಬದಂತಿದ್ದ; ಹುಬ್ಬು ಬೆಳೆದಿತ್ತು, ಮುಖದ ಆಶ್ಚರ್ಯ ಹೋಗಿ ಸಾಮಾನ್ಯ ಮುದುಕನಾಗಿದ್ದ. "ಆರಾಮ ಅದೀರಲ್ರೀ ಭಟ್ರೇ?" ಎಂದ. ದಯಾನಂದ ತಲೆಯಾಡಿಸಿದ. ಶಿವರಾಯ ಫಲಕವನ್ನು ನೋಡಿದ, ತುಟಿ ಅಲ್ಲಾಡಿಸಿ ಓದಿದ, ಆಮೇಲೆ ಅಗ್ನಿಯ ಬಾಯಿಯನ್ನು ಬಹಳ ಹೊತ್ತು ನೋಡಿದ. ಓದಲು ಬರುತ್ತಿತ್ತು. ದಯಾನಂದ ಶಾಲಿನ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಹೇಳಿಬಿಡು, ಇಲ್ಲೇ ಪಿಸುಮಾತಿನಲ್ಲಿ ಹೇಳಿಬಿಡು, ನಾನು ಬರೆಸಿದ್ದಲ್ಲ ಮಾರಾಯ ಎನ್ನು. ಎದುರಿಗೆ ಅನುಷ್ಕಾ ಫೋನು ಎತ್ತಿ ಹಿಡಿದು ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ತುಂಬಿಸುತ್ತಿದ್ದಳು.

ಪೂಜಿತಾ ಇಬ್ಬರನ್ನೂ ವೇದಿಕೆಗೆ ಕರೆದಳು. "ಶಿವರಾಯ ಅವರೇ, ಆ ಭಟ್ಟಿ ಎದುರು ನಿಂತಾಗ ನಿಮ್ಮೊಳಗೆ ಏನಾಗ್ತಿತ್ತು?"

"ಬಿಸಿ ಇರ್ತಿತ್ತು."

ಜನ ನಕ್ಕರು. ಅವಳೂ ನಕ್ಕು, "ದಯಾನಂದ್ ಅಂಕಲ್ ಜೊತೆಗಿನ ನೆನಪು?" ಎಂದಳು.

ಶಿವರಾಯ ಸೌಟನ್ನು ಇನ್ನೊಮ್ಮೆ ನೋಡಿದ. "ಇವರೇನ್ರೀ, ಭಟ್ಟಿ ಬಿಟ್ಟು ಕದಲ್ತಿದ್ದಿಲ್ಲ. ನಮ್ಮ ಸಂಗಾಟೇ ಇದ್ರು" ಎಂದ. ಒಂದು ಶಬ್ದವೂ ಸುಳ್ಳಲ್ಲ, ತಾನು ಪೂಜಿತಾಳಿಗೆ ಹೇಳಿದಂಥದೇ ಮಾತು. ದಯಾನಂದನ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಕಲ್ಲು ಇನ್ನೆಲ್ಲೋ ಹೋಗಿ ಕೂತಿತು: ಹೆಸರು ಕಳಕೊಂಡವನೇ ತನಗೆ ಸಾಕ್ಷಿ ಹೇಳಿದ್ದ. ತಲೆ ತಗ್ಗಿತು. ಇನ್ನು ಏನೂ ಆಗುವುದಿಲ್ಲ, ಚಪ್ಪಾಳೆ ಆಗುತ್ತದೆ, ಮನೆಗೆ ಹೋಗುವುದು, ಅನುಷ್ಕಾ ನಾಳೆಯೂ ಫೋನು ಮಾಡುತ್ತಾಳೆ. "ಇನ್ನೇನಾದ್ರೂ ಹೇಳ್ಬೇಕಾ ಸರ್?" ಎಂದು ಪೂಜಿತಾ ಮೈಕನ್ನು ಹಿಂದಕ್ಕೆ ಎಳೆದುಕೊಳ್ಳುತ್ತ ಕೇಳಿದಳು.

"ಏನಿಲ್ರೀ, ಎಲ್ಲಾ ಛಲೋ ಇತ್ತು" ಎಂದ ಶಿವರಾಯ. "ಆ ಕ್ಯಾಂಟೀನಿನ ಚಾ ಒಂದು ಸುಮಾರು. ತಣ್ಣಗ, ನೀರು ನೀರು."

ಕೈ ತಾನಾಗಿಯೇ ಹೋಗಿ ಮೈಕನ್ನು ಕಿತ್ತುಕೊಂಡದ್ದು ದಯಾನಂದನಿಗೆ ಗೊತ್ತಾದದ್ದೇ ಆಮೇಲೆ. "ಎಂತದು ನೀರು ನೀರು?" ಎಂದ, ಧ್ವನಿ ಟವರಿಗೆ ಬಡಿದು ತಿರುಗಿ ಬಂತು. "ನನ್ನ ಹಾಲಿಗೆ ನೀರು ಹಾಕಿದ್ದು ಯಾರು ನೋಡಿದ್ದಾರೆ? ಅಷ್ಟು ದೊಡ್ಡ ಹಂಡೆ, ಒಂದು ದಿನವೂ ಉಕ್ಲಿಕ್ಕೆ ಬಿಟ್ಟವ ನಾನಲ್ಲ. ಆ ಸೌಟು ಉಂಟಲ್ಲ, ಆ ದೇವರ ಬಾಯಲ್ಲಿ, ಅದ್ರಲ್ಲೇ ತೆಗ್ದು, ಬಣ್ಣ ನೋಡಿ, ಕೆಟಲಿಗೆ ಹಾಕಿ, ನಿಮ್ಮ ಶೆಡ್ಡಿಗೆ ಹೊತ್ತು ತರ್ತಿದ್ದೆ. ನಿಮ್ಮ ಭಟ್ಟಿಯ ಎದುರು ನಿಂತ್ರೆ ನನಗೆ ಜೀವ ಹೋಗ್ತಿತ್ತು, ಆದ್ರೂ ಚಾ ಆರುವ ಮೊದಲು ಬರ್ತಿದ್ದೆ. ನಾಲಿಗೆ ಸುಟ್ಟುಕೊಂಡು ಕಣ್ಣೀರು ಬಿಟ್ಟದ್ದು ಮರೆತುಹೋಯ್ತಾ ನಿಮಗೆ? ಈ ಮೆಷಿನ್ನಿನದ್ದು ಕುಡೀರಿ, ಇದು ನೀರು. ನಾನು ಮಾಡಿದ್ದು ಚಾ."

ಉಕ್ಕಿ ಮುಗಿದ ಮೇಲೆ ಅವನಿಗೆ ತಾನು ಏನು ಹೇಳಿಬಿಟ್ಟೆನೆಂದು ಅರ್ಥವಾಯಿತು. ಮೊದಲು ಚಪ್ಪಾಳೆ ತಟ್ಟಿದವಳು ಪೂಜಿತಾ. ಅವಳ ಕಣ್ಣು ಒದ್ದೆಯಾಗಿತ್ತು. ಕರಗಿದ ಉಕ್ಕನ್ನು ಹಾಲಾಗಿ, ಕಾರ್ಖಾನೆಯನ್ನು ಅಡುಗೆಮನೆಯಾಗಿ ಮಾಡಿ ಅಂಕಲ್ ಇವತ್ತು ಹೊಸ ಪುರಾಣವನ್ನೇ ಕಟ್ಟಿದರು ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ತಿಳಿಸಿದಳು. ಬಿಲ್ಡರ್ ಎದ್ದು ನಿಂತ. ನಾಯಿ ಬೊಗಳಿತು. "ಪುರಾಣ ಅಲ್ಲ ಮಾರಾಯ್ತಿ, ಕ್ಯಾಂಟೀನು" ಎಂದು ದಯಾನಂದ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಸೌಟನ್ನು ಬಿಚ್ಚಿ ಕೊಡಿ ಎಂದ. ವೆಲ್ಡ್ ಆಗಿದೆ ಅಂಕಲ್ ಎಂದಳು. ಹಾಗಾದರೆ ಫಲಕ ತೆಗೆಸಬೇಕೆಂದು ಹತ್ತಿರ ಹೋಗಿ ಬಗ್ಗಿ ಓದಿದ. ಉಕ್ಕು ಕಾಯ್ದವರು. ಅಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ತಿರುಗಿದರೆ ಅನುಷ್ಕಾ ನಿಂತಿದ್ದಳು, ಫೋನು ಕೆಳಗಿಳಿದಿತ್ತು. ಅಷ್ಟು ಜನರಲ್ಲಿ ಅದನ್ನು ಪುರಾಣವೆಂದು ತಿಳಿಯದೆ ಕೇಳಿದವಳು ಅವಳೊಬ್ಬಳೇ ಎಂದು ಮುಖ ನೋಡಿದೊಡನೆ ಗೊತ್ತಾಯಿತು. "ಅಜ್ಜ, ಆಪ್ ಚಾಯ್ ಬನಾತೇ ಥೇ?"

"ಹೌದು" ಎಂದ. ಮುಂದೆ ಬರುವುದು ಮೌನ, ಅದರ ಮುಂದೆ ಚಾರ್ಜರ್ ಎಂದು ಲೆಕ್ಕ ಹಾಕಿ, ಕುತ್ತಿಗೆಯ ಶಾಲನ್ನು ತೆಗೆದು ಮಡಚತೊಡಗಿದ. ಹುಡುಗಿ ಅಷ್ಟರಲ್ಲಿ ಮೆಟ್ಟಿಲಿಳಿದು ಬರುತ್ತಿದ್ದ ಶಿವರಾಯನ ದಾರಿಗೆ ಅಡ್ಡ ನಿಂತಿದ್ದಳು. ಅವಳ ದನಿ ಪೂಜಿತಾಳ ಹಾಗೆ ಮೆತ್ತಗಿರಲಿಲ್ಲ, ಥೇಟು ಜಯಲತಾಳದ್ದಿತ್ತು.

"ಸಚ್ ಬೋಲೋ. ಚಾಯ್ ಗರಂ ಥೀ ಯಾ ಠಂಡೀ?"

ಶಿವರಾಯ ಅವಳನ್ನು ನೋಡಿದ, ಅವಳ ತಲೆಯ ಮೇಲಿಂದ ದಯಾನಂದನನ್ನು ನೋಡಿದ, ಸುಟ್ಟ ನಾಲಿಗೆಯವನ ಹಾಗೆ ಒಮ್ಮೆ ತುಟಿ ಸವರಿಕೊಂಡ.

"ಬಿಸಿ ಇರ್ತಿತ್ತು ಬಿಡವಾ" ಎಂದ.